ಅಪ್ಪ ನಮ್ಮನ್ನು ನೋಡಿಕೊಂಡ ವಾರ

ಆಫೀಸ್ ಕೆಲಸದ ಮೇಲೆ ವಾರವಿಡೀ ಬೇರೆ ಊರಲ್ಲಿದ್ದು ಇವತ್ತು ಕೆಂಪಾಪುರದ ಮನೆಗೆ ಬಂದರೆ, ಅಡುಗೆಕಟ್ಟೆಯ ಮೇಲೆ ಅಕ್ಕಪಕ್ಕದವರ ಸ್ಟೀಲ್ ಡಬ್ಬಿಗಳ ಸಾಲು. ಹಳಸಿದ ಸಾರಿನ ಆ ವಾಸನೆ ನನ್ನನ್ನು ಶೆಟ್ಟಿಹಳ್ಳಿಯ ಹಳೇ ಮನೆಗೆ ಎಳೆದೊಯ್ದಿತು.

ನಾನು ಚಿಕ್ಕವಳಿದ್ದಾಗ ಒಮ್ಮೆ, ಅಜ್ಜಿ ಜಾರಿಬಿದ್ದರೆಂದು ಅಮ್ಮ ಒಂದು ವಾರ ತವರಿಗೆ ಹೋಗಿದ್ದಳು. ನನ್ನನ್ನೂ ತಮ್ಮನನ್ನೂ ‘ನೋಡಿಕೊಂಡದ್ದು’ ಅಪ್ಪ. ಅಂದರೆ ರಜೆ ಹಾಕಿ, ಲುಂಗಿಯುಟ್ಟು, ಜಗಲಿಯಲ್ಲಿ ಪೇಪರ್ ಹಿಡಿದು ಕೂತದ್ದು. ನನಗೆ ಜಡೆ ಹಾಕಿದ್ದು ಎದುರುಮನೆ ಅತ್ತೆ. ತಮ್ಮನ ಮೂಗು ಒರೆಸಿದ್ದು ನಾನು.

“ಪಾಪ ಕಣ್ರೀ, ಗಂಡಸು ಒಬ್ರೇ ಎಷ್ಟಂತ ಮಾಡ್ತಾರೆ!” ಎನ್ನುತ್ತ ಬೀದಿಯ ಹೆಂಗಸರೆಲ್ಲ ಡಬ್ಬಿಗಳಲ್ಲಿ ಬಸ್ಸಾರು, ಚಿತ್ರಾನ್ನ ತಂದರು.

“ಹೆಂಗೋ ಮ್ಯಾನೇಜ್ ಮಾಡ್ತಿದೀನಿ ಅಕ್ಕ,” ಎಂದು ಅಪ್ಪ ನಿಟ್ಟುಸಿರು ಬಿಡುತ್ತಿದ್ದರು. ಅಮ್ಮ ಹಾಗೆ ನಿಟ್ಟುಸಿರು ಬಿಟ್ಟದ್ದನ್ನು ನಾನು ಕಂಡಿಲ್ಲ. ಅದಕ್ಕೂ ಪುರುಸೊತ್ತು ಬೇಕಲ್ಲ.

ಅಮ್ಮ ವಾಪಸ್ ಬಂದವಳೇ ಡಬ್ಬಿಗಳನ್ನು ತಿಕ್ಕಿದಳು. ಬರಿ ಡಬ್ಬಿ ಹಿಂದಿರುಗಿಸಬಾರದೆಂದು ಕೋಡುಬಳೆ ಕರಿದು, ತುಂಬಿಸಿ, ಮನೆಮನೆಗೆ ಕೊಟ್ಟುಬಂದಳು. ಎಲ್ಲ ಬಾಗಿಲಲ್ಲೂ ಸಿಕ್ಕಿದ್ದು ಒಂದೇ ಮಾತು: “ಎಂಥ ಗಂಡ! ಪುಣ್ಯ ಮಾಡಿದ್ದೀಯ ಕಣಮ್ಮ.”

“ಈ ವಾರ ನಮ್ಮ ಮಕ್ಕಳನ್ನ ನೋಡ್ಕೊಂಡಿದ್ದಕ್ಕೆ ಬಿಲ್ಡಿಂಗಲ್ಲಿ ಎಲ್ರೂ ಎಷ್ಟು ಹೊಗಳಿದ್ರು ಗೊತ್ತಾ?” ಎಂದ ನನ್ನ ಗಂಡ, ಸೋಫಾದಿಂದಲೇ.

ಅಕ್ಕಿಹಿಟ್ಟನ್ನೂ ಬಾಣಲೆಯನ್ನೂ ತಂದು ಅವನ ಮುಂದಿಟ್ಟೆ.

“ಬರಿ ಡಬ್ಬಿ ಕೊಡಬಾರ್ದು ಕಣೋ. ಶುರು ಮಾಡು.”