ಪ್ರಾರ್ಥನೆಯ ಸಾಲಿನಲ್ಲಿ ಜೈನಾಬಿ

ಮೊನ್ನೆ ಚಾಮರಾಜನಗರದಲ್ಲಿ ನಮ್ಮ ಬೀದಿಯ ತಿರುವಿನಲ್ಲಿ ಒಬ್ಬಾತ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತ ಕುಳಿತಿದ್ದ. ಕಾದ ಪಾತ್ರೆಗೆ ನವಸಾಗರದ ಪುಡಿ ಉದುರಿಸಿದ್ದೇ ತಡ, ಬಿಳಿ ಹೊಗೆ ಎದ್ದು ಮೂಗೆಲ್ಲ ಚುರುಗುಟ್ಟಿತು. ಆ ವಾಸನೆ ನಿಮಗೆ ಗೊತ್ತಿದ್ದರೆ ನೀವೂ ನನ್ನಷ್ಟೇ ಹಳಬರು. ಗೊತ್ತಿಲ್ಲದಿದ್ದರೆ ನಷ್ಟವೇನಿಲ್ಲ, ಅದು ಘಮಘಮಿಸುವಂಥದ್ದಲ್ಲ. ನಾನು ಹೊರಟಿದ್ದದ್ದು ನಮ್ಮ ಬೀದಿಯ ಸರ್ಕಾರಿ ಶಾಲೆಯ ಸಭೆಗೆ. ಬೆಳಗಿನ ಪ್ರಾರ್ಥನೆಯನ್ನು ಮೇಷ್ಟರು ಹೇಳಿಸಬೇಕೇ ಬೇಡವೇ ಎಂದು ಅಲ್ಲಿ ಎರಡು ಪಕ್ಷವಾಗಿತ್ತು. ನಿವೃತ್ತ ಮೇಷ್ಟರೆಂದು ನನ್ನನ್ನೂ ಕರೆದಿದ್ದರು. ಎರಡು ಪಕ್ಷದವರೂ ಮನೆಗೆ ಬಂದು ಹೋಗಿದ್ದರು, ನಾನು ಇಬ್ಬರಿಗೂ ತಲೆಯಾಡಿಸಿ ಕಾಫಿ ಕೊಟ್ಟು ಕಳಿಸಿದ್ದೆ. ಹೊಗೆಯ ಮುಂದೆ ಕಾಲು ನಿಂತುಬಿಟ್ಟಿತು.

ಐವತ್ತರ ದಶಕದಲ್ಲಿ ನಾನು ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮೇಷ್ಟರಾಗಿದ್ದೆ. ನಾಲ್ಕು ತರಗತಿ, ಒಂದು ಕೋಣೆ, ನಾನೊಬ್ಬನೇ. ಅಂಗಳದಲ್ಲಿ ನಿಂತರೆ ಗೋಪಾಲಸ್ವಾಮಿ ಬೆಟ್ಟ ಕಾಣುತ್ತಿತ್ತು, ಅದೂ ಮೋಡ ಮನಸ್ಸು ಮಾಡಿದರೆ. ಪ್ರಾರ್ಥನೆ ಹೇಳಿಸಲು ನನಗೆ ಬಹಳ ಹುರುಪು, ಆದರೆ ಗಂಟಲು ದೇವರಿಗೇ ಪ್ರೀತಿ. ಆದ್ದರಿಂದ ನಾಲ್ಕನೆಯ ತರಗತಿಯ ಜೈನಾಬಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದೆ. ಪಾತ್ರೆಗೆ ಕಲಾಯಿ ಹಾಕುವ ಬುಡ್ಡನ್ ಸಾಬರ ಮಗಳು ಅವಳು. ಆ ಊರಿಗೆ ಅದೊಂದೇ ಸಾಬರ ಮನೆ. ಶಾರದೆಯ ಶ್ಲೋಕವನ್ನು ಅವಳು ಒಂದಕ್ಷರ ತಪ್ಪದೆ ಹೇಳುವಳು, ಮಿಕ್ಕವರು ಅದನ್ನೇ ಹೇಳುವರು. ಇವಳ ಬಾಯಲ್ಲಿ ಹೇಳಿಸುತ್ತಿದ್ದೇನಲ್ಲ, ನಾನೆಷ್ಟು ದೊಡ್ಡ ಮನಸ್ಸಿನವನು ಎಂದು ಒಳಗೊಳಗೇ ಬೀಗುತ್ತಿದ್ದೆ. ಗುಂಡ್ಲುಪೇಟೆಗೆ ಸಂಬಳಕ್ಕೆ ಹೋದಾಗ ಬೇರೆ ಮೇಷ್ಟರ ಮುಂದೆ ಕೊಚ್ಚಿಕೊಂಡದ್ದೂ ಉಂಟು.

ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಬುಡ್ಡನ್ ಸಾಬರು ಬಂದು ಜಗಲಿಯ ಕೆಳಗೇ ನಿಂತರು. ಬೇರೆ ಊರಿನ ನೆಂಟರಿಷ್ಟರು ಆಡಿಕೊಳ್ಳುತ್ತಿದ್ದಾರೆ, ಮಗಳ ಬಾಯಲ್ಲಿ ಶ್ಲೋಕ ಹೇಳಿಸಬೇಡಿ, ಕೈ ಮುಗಿಸಬೇಡಿ ಎಂದರು. ಜಗಳದ ದನಿಯಲ್ಲ, ಪಾತ್ರೆಗೆ ತೂತು ಬಿದ್ದಿದೆ ಎಂದು ತೋರಿಸುವ ದನಿ. ಆಗದಿದ್ದರೆ ಶಾಲೆ ಬಿಡಿಸುವುದಾಗಿಯೂ ಹೇಳಿದರು. ನಾಲ್ಕನೆಯ ತರಗತಿವರೆಗೆ ಉಳಿದಿದ್ದ ಹೆಣ್ಣುಮಗು ಅವಳೊಬ್ಬಳೇ. ಪರೀಕ್ಷೆಗೆ ಇನ್ನು ನಾಲ್ಕು ತಿಂಗಳಿತ್ತು. ನನಗೆ ಮೊದಲು ಬಂದದ್ದು ಸಿಟ್ಟು. ಆಮೇಲೆ, ಈ ಹುಡುಗಿ ಬಿಟ್ಟುಹೋಗುತ್ತಾಳಲ್ಲ ಎಂಬ ಭಯ.

ರಾತ್ರಿಯೆಲ್ಲ ಯೋಚಿಸಿ ಒಂದು ಉಪಾಯ ಕಂಡುಹಿಡಿದೆ. ಶ್ಲೋಕವೇ ಬೇಡ, ಎಲ್ಲರೂ ಎರಡು ನಿಮಿಷ ಮೌನವಾಗಿ ನಿಲ್ಲಲಿ. ಯಾರಿಗೂ ನೋವಿಲ್ಲ. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ. ಆದರೆ ಆ ಊರಿನವರು ಮಕ್ಕಳು ಹಾಗೆ ಅಂಗಳದಲ್ಲಿ ಮೌನವಾಗಿ ನಿಂತದ್ದನ್ನು ಕಂಡದ್ದು ಹಿಂದೆ ಒಂದೇ ಸಲ, ದೇಶದ ಹಿರಿಯರೊಬ್ಬರು ತೀರಿಕೊಂಡಾಗ. ಸೋಮವಾರ ದನ ಅಟ್ಟಿಕೊಂಡು ಹೋಗುತ್ತಿದ್ದವರು ನೋಡಿದರು. ಗಂಟೆಯೊಳಗೆ ಅಂಗಡಿಯ ಬಾಗಿಲು ಹಾಕಿತ್ತು, ಉಳುವವರು ನೊಗ ಬಿಚ್ಚಿದ್ದರು, ಇಬ್ಬರು ಮುದುಕಿಯರು ಸೆರಗು ಬಾಯಿಗಿಟ್ಟುಕೊಂಡು ಬಂದು ಹೋದವರು ಯಾರು ಎಂದು ನನ್ನನ್ನೇ ಕೇಳಿದರು. ಯಾರೂ ಸತ್ತಿಲ್ಲವೆಂದು ಮನೆಮನೆಗೆ ಹೇಳಿಕೊಂಡು ಬರುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಆದರೂ ಹಟ ಬಿಡಲಿಲ್ಲ. ಮೂರನೆಯ ದಿನ ಪಟೇಲರೇ ಬಂದರು.

“ದಿನಾ ಇಸ್ಕೂಲ್ನ ಸಾವಿನ್ ಮನೆ ಮಾಡ್ಬುಟ್ರಲ್ಲ ಮೇಷ್ಟ್ರೆ. ಮೊದ್ಲಿನಂಗೆ ಸ್ಲೋಕ ಏಳ್ಸಿ.”

ಹೇಳಿಸಿದೆ. ಪಟೇಲರ ಎದುರು ನಿಲ್ಲುವ ಧೈರ್ಯ ನನಗಿರಲಿಲ್ಲ. ಜೈನಾಬಿಗೆ, ಪ್ರಾರ್ಥನೆ ಮುಗಿಯುವವರೆಗೆ ಆಚೆ ಹುಣಸೆಮರದ ಹತ್ತಿರ ನಿಂತಿರು ಎಂದೆ. ಅವಳಿಗೆ ಉಪಕಾರ ಮಾಡಿದೆ ಎಂದೇ ತಿಳಿದಿದ್ದೆ. ಆದರೆ ಶಾಲೆಯ ಆಚೆ ನಿಂತ ಮಗು ಎಂದರೆ ಊರಿಗೆ ಒಂದೇ ಅರ್ಥ. ಕಳೆ ಕೀಳಲು ಹೋಗುವ ಹೆಂಗಸರು ದಿನವೂ ಅವಳನ್ನು ಮಾತನಾಡಿಸುತ್ತಿದ್ದರಂತೆ: “ಏನ್ ತೆಪ್ ಮಾಡ್ದೆ ಕಣಮ್ಮಿ?” ಒಂದು ವಾರ ನಿಂತಳು. ಆಮೇಲೆ ಬರಲಿಲ್ಲ.

ಐದು ದಿನ ಕಾದು ಅವರ ಮನೆಗೆ ಹೋದೆ. ಬುಡ್ಡನ್ ಸಾಬರು ಕೆಂಡಕ್ಕೆ ತಿದಿ ಒತ್ತುತ್ತಿದ್ದರು, ನವಸಾಗರದ ಹೊಗೆ ಅಂಗಳ ತುಂಬಿತ್ತು. ಜೈನಾಬಿ ಮರಳು ಹಾಕಿ ಕೊಳಗ ಉಜ್ಜುತ್ತಿದ್ದಳು, ತಲೆ ಎತ್ತಲಿಲ್ಲ. ನಾನು ಪರೀಕ್ಷೆಯ ಮಾತೆತ್ತಿದೆ, ಅವಳ ಜಾಣತನದ ಮಾತೆತ್ತಿದೆ. ಸಾಬರು ತಿದಿ ನಿಲ್ಲಿಸಿದರು.

“ನೀವೊಂದ್ ತೀರ್ಮಾನ ಮಾಡುದ್ರಿ, ನಾನೊಂದ್ ಮಾಡ್ದೆ. ಅವಳ್ನ ಯಾರೂ ಕೇಳ್ನಿಲ್ಲ. ಕೇಳಿ ಸ್ವಾಮಿ.”

ಇಷ್ಟು ಸುಲಭದ ಕೆಲಸ ನನಗೇಕೆ ಹೊಳೆಯಲಿಲ್ಲವೋ. ಕೇಳಿದೆ. ಅವಳು ಕೈಯ ಮರಳು ಕೊಡವಿಕೊಂಡಳು.

“ಆಚೆ ನಿಂತ್ಕಳಲ್ಲ ಮೇಷ್ಟ್ರೆ. ಸಾಲಲ್ಲೇ ನಿಂತ್ಕತೀನಿ. ಆದ್ರೆ ನೀವು ನನ್ನ ನೋಡ್ಬಾರ್ದು. ಎಲ್ಲಾರ್ಗೂ ಕಣ್ ಮುಚ್ಚಿ ಅಂತೀರ, ನೀವು ಒಂದ್ ಕಣ್ಣ ಬುಟ್ಕಂಡಿರ್ತೀರ.”

ಬುಡ್ಡನ್ ಸಾಬರು ನಕ್ಕುಬಿಟ್ಟರು. ನನ್ನ ಮುಖ ಕೆಂಪಾಯಿತು. ನಿಜ, ಯಾವ ಮಗು ಮಿಸುಕುತ್ತದೆ, ಯಾವುದು ಕಿಸಕ್ಕೆನ್ನುತ್ತದೆ ಎಂದು ಕದ್ದು ನೋಡುವುದು ನನ್ನ ಅಭ್ಯಾಸ. ಅದು ಮಕ್ಕಳಿಗೆ ಗೊತ್ತಿಲ್ಲವೆಂದು ನಾನೊಬ್ಬನೇ ನಂಬಿದ್ದೆ. ನೋಡುವುದಿಲ್ಲ ಎಂದು ಮಾತು ಕೊಟ್ಟೆ. ಸಾಬರು ಮಗಳ ಮುಖ ನೋಡಿ, ಹಂಗಾದ್ರೆ ಓಗು ಎಂದರು.

ಮಾರನೆಯ ದಿನ ಅವಳು ಸಾಲಿನ ನಡುವೆ ನಿಂತಳು, ನಾನು ಎರಡೂ ಕಣ್ಣು ಮುಚ್ಚಿದೆ. ಮೊದಲ ದಿನ ಅದೆಷ್ಟು ಕಷ್ಟವಾಯಿತು ಗೊತ್ತೇ? ನನ್ನ ಒಡಕು ದನಿಯಲ್ಲೇ ಶ್ಲೋಕ ಹೇಳಿಸುತ್ತ, ಯಾರೋ ನಗುವುದು ಕೇಳಿಸಿದರೂ ರೆಪ್ಪೆ ಬಿಗಿಹಿಡಿದು ನಿಂತೆ. ಪರೀಕ್ಷೆಯವರೆಗೂ ಹಾಗೆಯೇ ನಿಂತೆ. ಜೈನಾಬಿ ಪಾಸಾದಳು. ಬೇಸಿಗೆಯಲ್ಲಿ ನನಗೆ ಸಂತೆಮರಹಳ್ಳಿಯ ಕಡೆಗೆ ವರ್ಗವಾಯಿತು.

ಕಲಾಯಿಯವನ ಹತ್ತಿರ ನಿಂತು ಸಭೆಗೆ ತಡವಾಗಿಯೇ ಹೋದೆ. ಅಲ್ಲಿ ಮಾತು ಬಿಸಿಯಾಗಿತ್ತು. ನನಗೆ ಕುರ್ಚಿ ಕೊಟ್ಟು, ಒಂದು ಪಕ್ಷದವರು ಗೌರವದಿಂದಲೇ ಕೇಳಿದರು: “ನಿಮ್ಮ ಕಾಲದಲ್ಲಿ ಎಲ್ಲಾ ಮಕ್ಕಳೂ ಕೈ ಮುಗೀತಿದ್ರು ಅಲ್ವಾ ಸಾರ್?” ಇನ್ನೊಂದು ಪಕ್ಷದವರು ನನ್ನ ಬಾಯಿಂದ ಇಲ್ಲವೆನ್ನಿಸಲು ಕಾದಿದ್ದರು. ಈ ಸಲ ನಾನು ಯಾರಿಗೂ ತಲೆಯಾಡಿಸಲಿಲ್ಲ.

“ಗೊತ್ತಿಲ್ಲಪ್ಪ,” ಎಂದೆ. “ನಾನು ನೋಡ್ತಿರ್ಲಿಲ್ಲ.”