ಒಬ್ಬನೇ ಆಡುವ ಆಟದಲ್ಲಿ ಇಬ್ಬರು

ರಿಪೇರಿಗೆ ಬಂದು ಲಿಫ್ಟ್ ಪೆಟ್ಟಿಗೆಯ ನೆತ್ತಿಯ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ ಮೆಕ್ಯಾನಿಕ್ ಮೌನಿ ಕೆಳಗಿನ ಕತ್ತಲೆಗೆ ಕೂಗಿದ: "ಮೇಲೆ ಹೋಗ್ತಿದೆ!"

"ಹ್ಞೂಂ," ಎಂದ ತಳದ ಗುಂಡಿಯಲ್ಲಿದ್ದ ಹೊಸಬ.

ಮೌನಿ ಬಟನ್ ಒತ್ತಲಿಲ್ಲ. "ಹ್ಞೂಂ ಅಂದ್ರೆ ನಡೆಯಲ್ಲ. ನಾನು ಅಂದಿದ್ದನ್ನೇ ತಿರುಗಿ ಅನ್ನಬೇಕು."

"ಮಗ್ಗಿ ಹೇಳಿಸಿದ ಹಾಗಾಯ್ತಲ್ಲ ಅಣ್ಣಾ," ಎಂದು ಗೊಣಗಿದ ಇಬ್ಬರು ಮಕ್ಕಳ ತಂದೆಯಾದ ಹೊಸಬ. ಆಮೇಲೆ ಕೂಗಿದ: "ಮೇಲೆ ಹೋಗ್ತಿದೆ!"

ಆಗ ಮೌನಿ ಬಟನ್ ಒತ್ತಿದ. ಮೇಲಿದ್ದವನಿಗೆ ಕೆಳಗಿನವನು ಕಾಣುವುದಿಲ್ಲ. ಹೇಳಿದ ಮಾತು ವಾಪಸ್ ಬರುವತನಕ ಯಾರ ಕೈಯೂ ಅಲ್ಲಾಡಕೂಡದು.

ಇದನ್ನು ಮೌನಿಗೆ ಕಲಿಸಿದ್ದು ಹಿಂದಿನ ಜೊತೆಗಾರ. ಅವನು ಗುಂಡಿಯಲ್ಲಿ ನಿಂತು ಕೂಗಿದರೆ ಎಲ್ಲ ಅಂತಸ್ತಿನ ಬಾಗಿಲುಗಳೂ ತೆರೆಯುತ್ತಿದ್ದವು. ಹಾಗಾಗಿ ಎಲ್ಲರ ಬಾಯಲ್ಲಿ ಅವನು ಗಂಟಲು, ಮಾತು ಕಮ್ಮಿಯ ಇವನು ಮೌನಿ. ಇಬ್ಬರ ಮನೆಯಲ್ಲೂ ಒಂದೇ ವಿಡಿಯೋ ಗೇಮ್ ಇತ್ತು. ಗಡೀಪಾರಾದ ರಾಜಕುಮಾರ, ಒಂದು ಕುದುರೆ, ಬೆಟ್ಟದಾಚೆ ಡ್ರ್ಯಾಗನ್. ಒಬ್ಬರೇ ಆಡುವ ಆಟ. ಅವರವರ ಮನೆಯಲ್ಲಿ ಆಡಿ, ಮರುದಿನ ಮಷಿನ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚಿದ ಮೇಲೆ ವರದಿ ಒಪ್ಪಿಸುತ್ತಿದ್ದರು.

"ಜೌಗಿನ ಮಾಟಗಾತೀನ ಬಿಟ್ಟುಬಿಟ್ಟೆ," ಎನ್ನುತ್ತಿದ್ದ ಮೌನಿ.

"ಬಿಟ್ಯಾ? ಕರುಣಾಮಯಿ ನೀನು! ನಾನು ಸುಟ್ಟೆ. ಅವಳ ಗುಡಿಸಲ ಹಿಂದೆ ಏನಿತ್ತು ಗೊತ್ತಾ?"

ಮೌನಿಯ ಬಾಯಿ ದಿನದಲ್ಲಿ ಬಿಚ್ಚುತ್ತಿದ್ದದ್ದು ಆಗ ಮಾತ್ರ. ಗಂಟಲಿಗೆ ಬಡ್ತಿ ಸಿಕ್ಕಿ, ಬೇರೆ ಊರಿನ ಆಫೀಸಿನಲ್ಲಿ ದೂರು ಕೇಳುವ ಕುರ್ಚಿ ಹಿಡಿದ ಮೇಲೆ ಅದೂ ನಿಂತಿತು. ಫೋನ್ ಮಾಡಿದರೆ "ಊಟ ಆಯ್ತಾ?" ಎನ್ನುವಲ್ಲಿಗೆ ಮಾತಿನ ದಾರ ಕಡಿಯುತ್ತಿತ್ತು.

ಹೊಸಬನಿಗೆ ಪಾಠ ಹೇಳಿದ ಅವತ್ತು ಸಂಜೆ ಗಂಟಲೇ ಫೋನ್ ಮಾಡಿದ. "ನಮ್ಮ ಆಟಾನ ಇನ್ಮೇಲೆ ನಮ್ಮ ನಮ್ಮ ಮನೇಲೇ ಕೂತು ಇಬ್ಬರು ಒಟ್ಟಿಗೆ ಆಡಬಹುದಂತೆ ಕಣೋ! ಭಾನುವಾರ ಸಂಜೆ ರೆಡಿ ಇರು."

ಭಾನುವಾರ ಮೌನಿ ಗಡ್ಡ ಬೋಳಿಸಿಕೊಂಡು ಟಿವಿ ಮುಂದೆ ಕೂತ. ಒಗೆದ ಬಟ್ಟೆ ಮಡಚುತ್ತಿದ್ದ ಅಕ್ಕ ಕೇಳಿದಳು: "ಯಾಕೋ, ಗಡ್ಡ ಇದ್ರೆ ಡ್ರ್ಯಾಗನ್ ಬೇಜಾರು ಮಾಡ್ಕೊಳ್ಳುತ್ತಾ?" ಅವನು ನಕ್ಕ. ವಾರಕ್ಕೊಂದು ಸಂಜೆ ಆ ದನಿ ಕಿವಿಗೆ ಬಿದ್ದರೆ ಸಾಕಿತ್ತು ಅವನಿಗೆ.

ಆದರೆ ಕಥೆಗೆ ಗೊತ್ತಿದ್ದದ್ದು ಒಬ್ಬನೇ ರಾಜಕುಮಾರ. ಫೋನಿನಲ್ಲಿ ಮಾತಾಡುತ್ತಲೇ ಆಟ ಶುರುಮಾಡಿದವನು ಗಂಟಲು, ಹಾಗಾಗಿ ರಾಜಕುಮಾರ ಅವನೇ. ಗಡೀಪಾರು ಮಾಡುವ ಅಪ್ಪ ರಾಜ ಅವನ ಮುಖವನ್ನೇ ನೋಡಿ ಕಣ್ಣೀರಿಟ್ಟ. ಮೌನಿ ಹಿಂದೆ ಸಾಮಾನು ಹೊರಲು ಬಂದವನಂತೆ ನಿಂತಿದ್ದ. ಬಾವಿಕಟ್ಟೆಯ ಮುದುಕಿ ಹೇಳಿದ್ದನ್ನು ಅವನು ಓದಿ ಮುಗಿಸುವಷ್ಟರಲ್ಲಿ ಗಂಟಲು ಬೆಟ್ಟ ಹತ್ತಿ ನಿಧಿಯ ಪೆಟ್ಟಿಗೆಗಳನ್ನೆಲ್ಲ ತೆರೆದಾಗಿತ್ತು.

ಕಣಿವೆಯ ಸೇತುವೆಗೆ ಈಗ ಇಬ್ಬರ ಆಟಕ್ಕೆಂದೇ ಹೊಸದಾಗಿ ರಾಟೆಯೊಂದನ್ನು ಇಟ್ಟಿದ್ದರು. ಒಬ್ಬ ಅದನ್ನು ತಿರುಗಿಸಿ ಸೇತುವೆ ಇಳಿಸಿದರೆ ಇನ್ನೊಬ್ಬ ದಾಟಬೇಕು. ಮೌನಿ ರಾಟೆ ಹಿಡಿದ. ಗಂಟಲಿನ ಬೆನ್ನಿಗೆ ಡ್ರ್ಯಾಗನ್ ಬಿದ್ದಿತ್ತು.

"ಸೇತುವೆ ಇಳೀತಿದೆ!" ಮೌನಿ ಕೂಗಿದ.

"ಹ್ಞೂಂ, ಬೇಗ!"

ಮೌನಿಯ ಬೆರಳು ಅಲ್ಲಾಡಲಿಲ್ಲ. "ಸೇತುವೆ ಇಳೀತಿದೆ!"

"ಎಲ್ಲೋ ಇಳೀತಿದೆ? ನಿದ್ದೆ ಹೊಡೀತಿದೀಯಾ?"

ಬೆಂಕಿ ಬಂತು. ಗಂಟಲು ಕುದುರೆ ಸಮೇತ ಬೂದಿಯಾದ.

"ಯಾಕೋ ತಿರುಗಿಸಲಿಲ್ಲ?"

"ನೀನು ತಿರುಗಿ ಹೇಳಲಿಲ್ಲ."

ಆ ಕಡೆಯಿಂದ ದೊಡ್ಡ ನಗು. "ಅಯ್ಯೋ ಪುಣ್ಯಾತ್ಮ, ಅದಾ! ಅದೆಲ್ಲ ಮರೆತೇಹೋಗಿದೆ ಕಣೋ."

ಮೌನಿಯೂ ನಕ್ಕ, ತುಸು ತಡವಾಗಿ.

ಮತ್ತೊಮ್ಮೆ ಆಡಿ ಡ್ರ್ಯಾಗನ್ ಕೊಂದರು. ಒಬ್ಬ ಕಂಡದ್ದನ್ನೇ ಇನ್ನೊಬ್ಬನೂ ಕಂಡಿದ್ದ. ಹೇಳಿಕೊಳ್ಳಲು ಏನೂ ಉಳಿದಿರಲಿಲ್ಲ.

"ಮುಂದಿನ ವಾರ ನೋಡೋಣ," ಎಂದ ಗಂಟಲು.

"ಮುಂದಿನ ವಾರ ನೋಡೋಣ," ಎಂದ ಮೌನಿ.

ಮುಂದಿನ ಭಾನುವಾರ ಫೋನ್ ಬರಲಿಲ್ಲ. ಅಕ್ಕ ದೀಪ ಹಾಕಿ ಹೋದ ಮೇಲೆ ಮೌನಿ ತನ್ನ ಹಳೆಯ ಆಟ ತೆರೆದ. ಒಬ್ಬನೇ ಆಡುವಾಗ ಅಲ್ಲಿ ರಾಟೆ ಇರುವುದಿಲ್ಲ. ಕುದುರೆ ಹತ್ತಿರ ಬಂದರೆ ಸೇತುವೆ ತಾನಾಗಿಯೇ ಇಳಿಯುತ್ತದೆ. ಅವನು ದಾಟಿ ಹೋದ.