ತಮ್ಮನ ಮೂಗು ನೆಟ್ಟಗೇ ಇತ್ತು

ನನ್ನ ತಮ್ಮನ ಮೂಗು ನೆಟ್ಟಗಿತ್ತು. ಇದನ್ನು ಬರೆಯುವಾಗ ಈಗಲೂ ಮೈ ಉರಿಯುತ್ತದೆ, ಯಾಕೆಂದರೆ ಆ ನೆಟ್ಟಗಿದ್ದ ಮೂಗನ್ನೇ ಒಬ್ಬ ಡಾಕ್ಟರು ಕೊಯ್ದರು.

ನಮ್ಮ ಮನೆ ಮುಂಬಯಿಯ ಅಂಧೇರಿಯಲ್ಲಿ. ಅಪ್ಪ ಉಡುಪಿ ಕಡೆಯಿಂದ ಬಂದು ಹೋಟೆಲೊಂದರಲ್ಲಿ ಮ್ಯಾನೇಜರ್ ಆದವರು. ತಮ್ಮನಿಗೆ ಪವಾಯಿಯ ಐಟಿ ಆಫೀಸಿನಲ್ಲಿ ಕೆಲಸ. ಕೊರೊನಾ ಬಂದಾಗ ಮನೆಯಿಂದಲೇ ದಿನವಿಡೀ ವಿಡಿಯೊ ಮೀಟಿಂಗ್. ಪರದೆಯ ಮೂಲೆಯಲ್ಲಿ ಅವನದೇ ಮುಖ. ಮೂಗು ಎಡಕ್ಕೆ ವಾಲಿದೆ ಎಂಬ ಯೋಚನೆ ಆಗ ಅವನ ತಲೆಗೆ ಹೊಕ್ಕಿತು. ಊರಿಗೆ ಊರೇ ಮಾಸ್ಕ್ ತೆಗೆದ ಮೇಲೂ ಅವನು ತೆಗೆಯಲಿಲ್ಲ. ಬಾತ್‌ರೂಮಿನ ಕನ್ನಡಿಯೆದುರು ಗಂಟೆಗಟ್ಟಲೆ ನಿಲ್ಲುತ್ತಿದ್ದ. ಹೊರಗೆ ಅಪ್ಪ ಬಾಗಿಲು ಬಡಿಯುತ್ತಿದ್ದರು. ಆಫೀಸಿನವರು ವಾಪಸು ಕರೆದಾಗ ಸ್ಟೇಷನ್‌ವರೆಗೆ ಹೋಗಿ, ಮೆಟ್ರೋ ಹತ್ತಲಾರದೆ ತಿರುಗಿ ಬಂದ. ಎದುರು ಕೂತವರೆಲ್ಲ ತನ್ನ ಮೂಗನ್ನೇ ನೋಡಿ ನಗುತ್ತಾರಂತೆ.

"ಅಕ್ಕ, ಸರಿಯಾಗಿ ನೋಡು. ಸಚ್ ಬೋಲ್, ನಿಜ ಹೇಳು. ವಾಲಿದೆ ಅಲ್ವಾ?"

"ಇಲ್ಲ ಮಾರಾಯ, ನೆಟ್ಟಗೇ ಉಂಟು."

"ನೀನು ಸುಳ್ಳು ಹೇಳ್ತಿದ್ದಿ."

ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ.

ದೊಡ್ಡಪ್ಪನಿಗೆ ಇದೊಂದು ತಮಾಷೆ. "ಎಂತ, ಹೀರೋ ಆಗ್ಲಿಕ್ಕುಂಟಾ? ಹುಡುಗಿಯರ ಹಾಗೆ ಕನ್ನಡಿ ನೋಡುದು!" ಎಂದು ಎಲ್ಲರೆದುರು ನಗುತ್ತಿದ್ದರು. ಅವನು ತನ್ನ ಚಂದ ನೋಡಿಕೊಳ್ಳುತ್ತಿರಲಿಲ್ಲ, ಹೆದರಿಕೊಂಡು ನೋಡುತ್ತಿದ್ದ. ಅಳುತ್ತಾ ಹೊರಬರುವವನನ್ನು ಶೋಕಿವಾಲ ಎನ್ನಲು ಅವರಿಗೆ ನಾಲಿಗೆಯಾದರೂ ಹೇಗೆ ಬಂತು?

ಆಮೇಲೆ ಅವನು ಯಾರಿಗೂ ಹೇಳದೆ ಬಾಂದ್ರಾದ ಕಾಸ್ಮೆಟಿಕ್ ಕ್ಲಿನಿಕ್ಕಿಗೆ ಹೋದ. ಅಲ್ಲಿನ ಡಾಕ್ಟರು ಕಂಪ್ಯೂಟರಿನಲ್ಲಿ ಅವನ ಮುಖ ತಿದ್ದಿ ತೋರಿಸಿದರು. ನಮಗೆ ಗೊತ್ತಾದದ್ದು ಮೂಗಿಗೆ ಪಟ್ಟಿ ಹಾಕಿಸಿಕೊಂಡು ಮನೆಗೆ ಬಂದಾಗಲೇ. ಪಟ್ಟಿ ಬಿಚ್ಚಿದ ಮೇಲೆ ಕೆಲವು ದಿನ ಸುಮ್ಮನಿದ್ದ. ನಂತರ ಶುರುವಾಯಿತು: ಈಗ ಬಲಕ್ಕೆ ವಾಲಿದೆ.

ನಾನೇ ಅವನ ಜೊತೆ ಆ ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ನಗುತ್ತಲೇ, ಇನ್ನೊಂದು ಸಣ್ಣ ಆಪರೇಷನ್‌ನಲ್ಲಿ ಸರಿಮಾಡಬಹುದು ಎಂದರು.

"ಮೊದಲು ವಾಲಿತ್ತಾ ಡಾಕ್ಟರ್?" ಎಂದು ಹಿಂದಿಯಲ್ಲಿ ಕೇಳಿದೆ.

"ಪೇಷಂಟ್ ಕೋ ಐಸಾ ಲಗಾ," ಎಂದರು.

ಪೇಷಂಟಿಗೆ ಹಾಗನ್ನಿಸಿತಂತೆ! ಅಷ್ಟಕ್ಕೇ ಕತ್ತಿ ಎತ್ತುವುದಾದರೆ ಇವರು ಓದಿದ್ದಾದರೂ ಏನು? ತಮ್ಮನ ಕೈ ಹಿಡಿದು ಎಬ್ಬಿಸಿಕೊಂಡು ಬಂದೆ. ರಿಕ್ಷಾದಲ್ಲಿ ಅವನು ಮೆಲ್ಲಗೆ, "ಬದುಕುದೇ ಬೇಡ ಅನ್ನಿಸ್ತದೆ ಅಕ್ಕ" ಎಂದ.

ಮರುದಿನವೇ ಮನೋವೈದ್ಯೆಯೊಬ್ಬರಲ್ಲಿಗೆ ಕರೆದೊಯ್ದೆ. ಅವರು ಅವಸರ ಮಾಡದೆ ಅವನ ಮಾತು ಕೇಳಿದರು. ಬಳಿಕ ಕಾಯಿಲೆಯ ಹೆಸರು ಹೇಳಿದರು: ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್. ಇಲ್ಲದ ಅಥವಾ ಯಾರ ಕಣ್ಣಿಗೂ ಬೀಳದಷ್ಟು ಸಣ್ಣ ಐಬೊಂದು ಇವರಿಗೆ ದೊಡ್ಡದಾಗಿ ಕಾಣುತ್ತದೆ. ಅದು ನಾಟಕವಲ್ಲ, ಜಂಬವೂ ಅಲ್ಲ. ಆಪರೇಷನ್‌ನಿಂದ ಹೋಗುವಂಥದ್ದೂ ಅಲ್ಲ. ಔಷಧಿ ಮತ್ತು ಮಾತಿನ ಚಿಕಿತ್ಸೆ ಬೇಕು. "ಮನೆಯಲ್ಲಿ ಅವರು ಕೇಳಿದಾಗಲೆಲ್ಲ ವಾಲಿದೆ, ವಾಲಿಲ್ಲ ಅಂತ ಉತ್ತರ ಕೊಡಬೇಡಿ," ಎಂದರು. "ಉತ್ತರದಿಂದ ಸಮಾಧಾನ ಸಿಗೋದು ಸ್ವಲ್ಪ ಹೊತ್ತು ಮಾತ್ರ. ಆಮೇಲೆ ಪ್ರಶ್ನೆ ಇನ್ನೂ ಜೋರಾಗತ್ತೆ."

ಹೇಳುವಷ್ಟು ಸುಲಭವಲ್ಲ ಅದು. ಅವನು ಬೇಡಿಕೊಳ್ಳುವಾಗ ಬಾಯಿ ಮುಚ್ಚಿ ಕೂರುವುದು ಅಮ್ಮನಿಗಂತೂ ಆಗುತ್ತಲೇ ಇರಲಿಲ್ಲ. ಅಡುಗೆಮನೆಗೆ ಎದ್ದು ಹೋಗುತ್ತಿದ್ದಳು. ಔಷಧಿ ಹಿಡಿಯಲು ತಿಂಗಳುಗಳೇ ಬೇಕಾದವು. ಮೊದಲು ಮಾಸ್ಕ್ ಇಲ್ಲದೆ ಬಿಲ್ಡಿಂಗಿನ ಗೇಟಿನವರೆಗೆ ಹೋದ, ಆಮೇಲೆ ಮೆಟ್ರೋದಲ್ಲಿ ಒಂದು ಸ್ಟೇಷನ್. ಈಗ ಆಫೀಸಿಗೆ ಹೋಗುತ್ತಾನೆ. ಕೆಲವು ದಿನ ಆ ಯೋಚನೆ ಬರುತ್ತದಂತೆ, ಬಂದರೂ ಹೊರಡುತ್ತಾನೆ.

ಕಳೆದ ವಾರ ನಾನು ಆ ಕ್ಲಿನಿಕ್ಕಿನ ಮೇಲೆ ದೂರು ಬರೆಯಲು ಕೂತೆ. ಅವನಿಗೆ ನೋವಾಗಬಹುದೆಂದು ಅಳುಕಿ, "ಬಿಡಲಾ?" ಎಂದು ಕೇಳಿದೆ.

"ಬಿಡಬೇಡ, ಬರಿ ಅಕ್ಕ," ಎಂದ. "ನಿಂಗೆ ಯಾಕೆ ಹಾಗೆ ಕಾಣ್ತದೆ ಅಂತ ಆ ಡಾಕ್ಟರ್ ಒಂದು ಸಲವೂ ಕೇಳ್ಲಿಲ್ಲ. ಅದನ್ನು ಮೊದಲು ಬರಿ."